ತಿಕೋಟಾದ ಐದು ಗಂಟೆ

ಈ ಲೋಕದಲ್ಲಿ ಸೀನುವವನಿಗೆ ಸಿಗುವ ಶ್ರೋತೃಗಳು ಹಾಡುವವನಿಗೆ ಸಿಗುವುದಿಲ್ಲ. ನಂಬಿಕೆ ಬರದಿದ್ದರೆ ನಾಲ್ಕು ಜನರ ನಡುವೆ ಒಮ್ಮೆ ಸೀನಿ ನೋಡಿ. ಎಲ್ಲರೂ ತಿರುಗಿ ನೋಡುತ್ತಾರೆ, ಯಾರೋ ಒಬ್ಬ ಹಿರಿಯರು ನೂರು ವರ್ಷ ಆಯುಷ್ಯ ಹಾರೈಸುತ್ತಾರೆ, ಹೊಸ್ತಿಲು ದಾಟಲು ಹೊರಟವನು ಅಪಶಕುನವೆಂದು ಒಂದು ಗಳಿಗೆ ಕುಳಿತೇ ಹೋಗುತ್ತಾನೆ. ಅದೇ ನೀವು ಸ್ವಂತ ಕಟ್ಟಿದ ಹಾಡೊಂದನ್ನು ಎತ್ತಿಕೊಳ್ಳಿ, ಕುಳಿತವನೂ ಎದ್ದು ಹೊಸ್ತಿಲು ದಾಟುತ್ತಾನೆ. ನಮ್ಮ ವಿಜಾಪುರದಲ್ಲಿ ಒಂದು ಗುಮ್ಮಟವಿದೆ. ಅದರೊಳಗೆ ಪಿಸುಗುಟ್ಟಿದರೂ ಏಳು ಸಲ ಕೇಳಿಸುತ್ತದೆ ಎಂದು ದೂರದೂರದಿಂದ ಜನ ಬಂದು ಪಿಸುಗುಟ್ಟಿ ಹೋಗುತ್ತಾರೆ. ಅಂಥ ಊರಿನಲ್ಲಿದ್ದುಕೊಂಡು ಒಂದು ಹಾಡನ್ನು ಒಂದೇ ಒಂದು ಸಲ ಯಾರ ಕಿವಿಗೂ ಮುಟ್ಟಿಸಲಾಗದ ನತದೃಷ್ಟ ನಾನು. ಗುಮ್ಮಟವನ್ನೂ ಬಿಟ್ಟಿಲ್ಲ. ಒಂದು ದಿನ ಮೇಲೆ ಹತ್ತಿ ಹಾಡಿಯೇ ಬಿಟ್ಟೆ. ನನ್ನದೇ ಹಾಡು ಏಳು ದನಿಯಲ್ಲಿ, ಒಂದಕ್ಕಿಂತ ಒಂದು ತಡವಾಗಿ, ತಾಳ ತಪ್ಪಿ ತಿರುಗಿ ಬಂತು. ಜೀವಮಾನವೆಲ್ಲ ಮಕ್ಕಳಿಗೆ ಹೆಜ್ಜೆ ಕೂಡಿಸಿ ನಡೆಯಲು ಕಲಿಸಿದ ಡ್ರಿಲ್ ಮಾಸ್ತರನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಕೆಳಗಿಳಿದು ಬಂದೆ.

ಹೌದು, ನಾನು ನಿವೃತ್ತ ಡ್ರಿಲ್ ಮಾಸ್ತರ. ನಸುಕಿನಲ್ಲಿ ಏಳುತ್ತೇನೆ, ತಣ್ಣೀರು ಸ್ನಾನ ಮಾಡುತ್ತೇನೆ, ಅಂಗಳದಲ್ಲಿ ಕೈಕಾಲು ಆಡಿಸುತ್ತೇನೆ, ಆಮೇಲೆ ದಪ್ಪು ಹಿಡಿದು ಕೂಡುತ್ತೇನೆ. ನಾನು ಕಟ್ಟುವುದು ಗೀಗೀ ಪದ. ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಚರ್ಮದ ದಪ್ಪು ಬಡಿಯುತ್ತ, ಅರ್ಧ ಮಾತು ಅರ್ಧ ಹಾಡಿನಲ್ಲಿ, ಎದುರಿನ ಮೇಳದವರನ್ನು ಪ್ರಾಸಬದ್ಧವಾಗಿ, ಮರ್ಯಾದೆಯಿಂದ ಬೈಯುವ ವಿದ್ಯೆ ಅದು. ಒಂದು ಮೇಳ ಸವಾಲು ಹಾಕುತ್ತದೆ, ಇನ್ನೊಂದು ನಿಂತ ಕಾಲಲ್ಲಿ ಜವಾಬು ಕೊಡಬೇಕು. ಕೊಡಲಾಗದವನು ದಪ್ಪನ್ನು ನೆಲಕ್ಕಿಡಬೇಕು. ಎಲ್ಲರೂ ಪುರಾಣದ ಮೇಲೆ ಹಾಡುತ್ತಾರೆ. ನಾನು ನೀರಿನ ನಳದ ಮೇಲೆ, ಬಸ್ಸಿನ ಮೇಲೆ, ರೇಷನ್ ಅಂಗಡಿಯ ಸರದಿಯ ಮೇಲೆ ಹಾಡುತ್ತೇನೆ.

ನಳ ಐತಿ ನೀರಿಲ್ಲ, ಬಸ್ಸೈತಿ ಜಾಗಿಲ್ಲ,
ನಾಲಿಗಿ ಐತಿ ನನಗ, ಕೇಳಾಕ ಕಿವಿ ಇಲ್ಲ!

ಇದು ನನ್ನ ಮುಖ್ಯ ಪದದ ಪಲ್ಲವಿ. ನನ್ನ ಹೆಂಡತಿ ನೀಲವ್ವ ಇದನ್ನು ಎಂದೂ ಪೂರ್ತಿ ಕೇಳಿದವಳಲ್ಲ. "ಏನ್ರಿ, ಸತ್ತ ಆಡಿನ ತೊಗಲನ್ನ ಮತ್ತ ಯಾಕ ಬಡೀತೀರಿ? ಅದು ಏನ್ ತಪ್ಪು ಮಾಡೇತಿ?" ಎನ್ನುತ್ತ ಎರಡನೆಯ ಸಾಲಿಗೇ ಬುಟ್ಟಿ ಹಿಡಿದು ಕಾಯಿಪಲ್ಲೆ ತರಲು ಹೊರಡುತ್ತಾಳೆ. ನಾನು ಹಾಡುವುದು ಹೆಚ್ಚಾದಂತೆ ನಮ್ಮ ಮನೆಯಲ್ಲಿ ಕಾಯಿಪಲ್ಲೆ ಹೆಚ್ಚಾಗಿದೆ.

ಗೀಗೀ ಪದಕ್ಕೆ ಹಿಂದೆ ನಿಂತು ದನಿಗೂಡಿಸುವ ಹಿಮ್ಮೇಳ ಬೇಕು. ನನಗೂ ಒಂದು ಕಾಲಕ್ಕೆ ಹಿಮ್ಮೇಳವಿತ್ತು. ನಸುಕಿನಲ್ಲೇ ಬರಬೇಕು, ಎತ್ತರದ ಪ್ರಕಾರ ಸಾಲಾಗಿ ನಿಲ್ಲಬೇಕು, ನಾನು 'ಸಾವಧಾನ್' ಅಂದ ಮೇಲೆಯೇ ಬಾಯಿ ತೆರೆಯಬೇಕು, ಇಷ್ಟೇ ನನ್ನ ನಿಯಮ. ಒಂದು ವಾರದಲ್ಲಿ ಅರಕೇರಿಯ ಮಲ್ಲಪ್ಪ ಎಲ್ಲರ ಪರವಾಗಿ ಕೈಮುಗಿದ. "ಮಾಸ್ತರ, ನಾವು ಹಾಡ ಕಲಿಯಾಕ ಬಂದೀವ್ರಿ, ಪಲ್ಟಣಕ್ಕ ಭರ್ತಿ ಆಗಾಕಲ್ಲ" ಎಂದವನು ಬಾಗಿಲವರೆಗೆ ಹೆಜ್ಜೆ ಕೂಡಿಸಿ ನಡೆದು ತೋರಿಸಿ ಹೋದ. ಅಂದಿನಿಂದ ನನ್ನದು ಒಂಟಿ ಮೇಳ. ಗುರು ಇಲ್ಲ, ಊರಗೌಡರ ಬೆಂಬಲವಿಲ್ಲ, ಹಿಂದೆ ನಿಲ್ಲುವವರಿಲ್ಲ. ಇಂಥವನನ್ನು ಯಾರು ಕರೆಸುತ್ತಾರೆ?

ರೇಡಿಯೋ ಕೇಂದ್ರಕ್ಕೂ ಹೋಗಿ ಬಂದೆ. ಅಲ್ಲೊಬ್ಬ ಸಂಭಾವಿತರು ಕೂಡಿಸಿ, ಇದು ಯಾರು ಕಟ್ಟಿದ ಹಾಡು ಎಂದು ಕೇಳಿದರು. ನಾನೇ ಎಂದೆ. ಹಾಗಾದರೆ ಇದು ಜಾನಪದವಲ್ಲ, ಜಾನಪದ ಎಂದರೆ ಕಟ್ಟಿದವನು ಯಾರೆಂದು ಯಾರಿಗೂ ಗೊತ್ತಿರಬಾರದು ಎಂದರು. ಸ್ವಾಮಿ, ನಾನು ಯಾರೆಂದು ನಮ್ಮ ಓಣಿಯಲ್ಲೇ ಯಾರಿಗೂ ಗೊತ್ತಿಲ್ಲ ಎಂದು ಬೇಡಿಕೊಂಡೆ. ಅವರು ನಕ್ಕು ಚಹಾ ಕುಡಿಸಿ ಕಳಿಸಿದರು. ಚಹಾ ಚೆನ್ನಾಗಿತ್ತು.

ಬಬಲೇಶ್ವರದಲ್ಲಿ ರಾಜೇಸಾಬ ಎಂಬಾತ ಮದುವೆ ಮುಂಜಿವೆಗಳಿಗೆ ಮೈಕ್ ಸೆಟ್ ಹಚ್ಚುವವನು. ಬೇವಿನ ಮರಕ್ಕೆ ಎರಡು ಕಹಳೆ ಕಟ್ಟಿದನೆಂದರೆ ಸುತ್ತಿನ ಹೊಲಗಳಲ್ಲಿ ಕೆಲಸ ಮಾಡುವವರಿಗೆಲ್ಲ ಕೇಳಬೇಕು. ನಾನು ಅವನ ಬೆನ್ನುಬಿದ್ದೆ. "ಮಾಸ್ತರ, ನಿಮ್ಮ ಹಾಡಿನ ಗ್ರಾಮಫೋನ್ ಪ್ಲೇಟ್ ಐತೇನ್ರಿ? ಇದ್ರ ಕೊಡ್ರಿ, ಈಗ ಹಚ್ತೀನಿ" ಎಂದ. ಪ್ಲೇಟು ಇರುವವನು ಇವನ ಬೆನ್ನು ಯಾಕೆ ಬೀಳುತ್ತಾನೆ? ಕಡೆಗೆ ಒಂದು ಮದುವೆಯಲ್ಲಿ, ಪ್ಲೇಟಿನ ಮುಳ್ಳು ಬದಲಿಸುವಷ್ಟು ಹೊತ್ತು ಮೈಕು ಕೈಗೆ ಕೊಟ್ಟ. ನಾನು ಎದೆ ಸೆಟೆಸಿ "ನಳ ಐತಿ ನೀರಿಲ್ಲ" ಎಂದು ಎತ್ತಿದೆ. ಗಂಡಿನ ಕಡೆಯವರು ಊಟಕ್ಕೆ ಕೂಡುವ ಹೊತ್ತು ಅದು. ಅಡಿಗೆಯವರು ಸೌಟು ಬಿಟ್ಟು ಹೊರಗೆ ಬಂದರು, ಹೆಣ್ಣಿನ ತಂದೆ ತಲೆಯ ಮೇಲೆ ಕೈಹೊತ್ತು ಕುಳಿತ, ಬೀಗರೆದುರು ಮಾನ ಹೋಗಬಾರದೆಂದು ಮೂರು ಚಕ್ಕಡಿಗಳು ಪೀಪಾಯಿ ಹೇರಿಕೊಂಡು ಬಾವಿಗೆ ಓಡಿದವು. ಅದು ಹಾಡೆಂದು ತಿಳಿಸಿ ಹೇಳುವಷ್ಟರಲ್ಲಿ ರಾಜೇಸಾಬ ಮೈಕು ಕಸಿದುಕೊಂಡಿದ್ದ. "ಮಾಸ್ತರ, ಕೈ ಮುಗೀತೀನಿ, ನಿಮ್ಮ ಹಾಡಿಗೆ ನೀರ್ ಹಾಕಾಕ ನನ್ನ ಕಡಿಂದ ಆಗೂದಿಲ್ರಿ!"

ನೀವು ನಗುತ್ತೀರಿ. ಆದರೆ ವಯಸ್ಸಾದವನ ಗಂಟಲು ಬಾಡಿಗೆ ಮನೆಯಿದ್ದಂತೆ, ಯಾವಾಗ ಖಾಲಿ ಮಾಡಿಸುತ್ತಾರೋ ಹೇಳಲಾಗದು. ಚಳಿಗಾಲದಲ್ಲಿ ಮೇಲಿನ ದನಿ ಆಗಲೇ ಕೈಕೊಡತೊಡಗಿತ್ತು. ಅದು ಪೂರ್ತಿ ಹೋಗುವ ಮುನ್ನ ಒಂದು ಸಲ, ತುಂಬಿದ ಜನರ ಎದುರು, ಮೊದಲಿಂದ ಕೊನೆಯವರೆಗೆ ನನ್ನ ಪದ ಹಾಡಬೇಕು. ನನಗೆ ಬೇಕಿದ್ದುದು ಅಷ್ಟೇ.

ದೈವ ತಿಕೋಟಾದ ಕಿರಾಣಿ ವ್ಯಾಪಾರಿ ಸಂಗಪ್ಪನ ರೂಪದಲ್ಲಿ ಬಂತು. ಅವನು ವರ್ಷಕ್ಕೊಮ್ಮೆ ಅಂಗಡಿಯ ಮುಂದೆ ಹಾಡಿಕೆ ಇಡಿಸುತ್ತಾನೆ. ಆ ಸಲ ನಿಡೋಣಿಯ ಕಾಶವ್ವನ ಮೇಳ ಬರುವುದು ಗಟ್ಟಿಯಾಗಿತ್ತು. ಅವಳ ಎದುರು ಹಾಡಬೇಕಿದ್ದ ಕಾಖಂಡಕಿಯವರು ಹಿಂದೆ ಸರಿದಿದ್ದರು. ಕಾಶವ್ವನ ನಾಲಿಗೆಯ ಬಿಸಿ ಅವರಿಗೆ ಮೊದಲೇ ತಾಕಿತ್ತು. ಸಂಗಪ್ಪನಿಗೆ ಬಬಲೇಶ್ವರದ ಪೀಪಾಯಿ ಪ್ರಸಂಗದ ಸುದ್ದಿ ಮುಟ್ಟಿತ್ತು. "ಎರಡ ಸಾಲಿಗೆ ಮೂರ ಬಂಡಿ ಓಡಿಸಿದವರು ನೀವು. ಬರ್ರಿ ಮಾಸ್ತರ. ಸಂತಿ ದಿನ, ಐದಕ್ಕ ಸುರು."

ಐದಕ್ಕೆ ಸುರು. ನಾನು ನಾಲ್ಕೂವರೆಗೇ ಅಂಗಡಿಯ ಮುಂದಿದ್ದೆ. ಇಸ್ತ್ರಿ ಮಾಡಿದ ಧೋತರ, ಬಿಗಿದ ರುಮಾಲು, ಬಿಸಿಲಿಗೆ ಹಿಡಿದು ಬಿಗಿ ಮಾಡಿದ ದಪ್ಪು. ಕಟ್ಟೆಯ ಮೇಲೆ ಒಂದು ಚಾಪೆ, ಅದರ ಮೇಲೆ ಮಲಗಿದ್ದ ಒಬ್ಬ ಹಮಾಲ, ಕಂಬಕ್ಕೆ ಕಟ್ಟಿದ ಒಂದು ಆಡು. ಐದಾಯಿತು. ಎದುರಾಳಿ ಕಾಣಲಿಲ್ಲ, ಸಂಗಪ್ಪ ಕಾಣಲಿಲ್ಲ, ಸಂತೆಯ ಬಯಲಿನಿಂದ ಊರೂ ಇತ್ತ ಬಂದಿರಲಿಲ್ಲ. ಆದರೆ ಗಂಟೆ ಹೊಡೆದ ಮೇಲೆ ಮೈದಾನದಲ್ಲಿ ಒಬ್ಬನೇ ಹುಡುಗನಿದ್ದರೂ ಡ್ರಿಲ್ ಸುರು ಮಾಡಿದ ಮನುಷ್ಯ ನಾನು. ದಪ್ಪಿಗೆ ಕೈಹಾಕಿದೆ. ನಳದ ಪದ, ಬಸ್ಸಿನ ಪದ, ರೇಷನ್ ಪದ, ಒಂದನ್ನೂ ಬಿಡದೆ, ಕ್ರಮ ತಪ್ಪದೆ, ಕೊನೆಯ ಮಂಗಳದವರೆಗೆ ಏರುದನಿಯಲ್ಲಿ ಹಾಡಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಹಾಡಿರಲಿಲ್ಲ. ಮುಗಿಸಿ ದಪ್ಪಿಗೆ ಬಟ್ಟೆ ಸುತ್ತಿ ಗಂಟು ಹಾಕುತ್ತಿದ್ದಾಗ ಸಂಗಪ್ಪ ಗ್ಯಾಸಬತ್ತಿ ಹಿಡಿಸಿಕೊಂಡು ಬಂದ. ಅವನ ಹಿಂದೆ ಊರಿಗೆ ಊರೇ ಬರುತ್ತಿತ್ತು: ಕಂಬಳಿ ಹೊದ್ದ ಮುದುಕರು, ಕೂಸು ಕಟ್ಟಿಕೊಂಡ ಹೆಂಗಸರು, ಶೇಂಗಾ ಸುಲಿಯುವ ಹುಡುಗರು.

"ಏಳ್ರಿ ಮಾಸ್ತರ, ಸುರು ಹಚ್ಚೂಣು."

"ಮುಗೀತಲ್ರಿ."

"ಏನ್ ಮುಗೀತ್ರಿ?"

"ಹಾಡಿಕಿ."

"ಯಾರ ಮುಂದ ಹಾಡಿದ್ರಿ?"

ನಾನು ಆಡಿನ ಕಡೆ ನೋಡಿದೆ. ಸಂಗಪ್ಪನೂ ನೋಡಿದ. "ಯಪ್ಪಾ! ಐದಕ್ಕ ಅಂದ್ರ ಐದಕ್ಕ ಬರೂದೇನ್ರಿ? ಐದಕ್ಕ ಅಂದ್ರ ಎಮ್ಮಿ ಹಿಂಡಿ, ರೊಟ್ಟಿ ತಿಂದು, ಎಲಿ ಅಡಿಕಿ ಹಾಕ್ಕೊಂಡು ಬರೂದು. ಇದು ಎಮ್ಮಿಗೂ ಗೊತ್ತೈತಿ!"

ಮತ್ತೆ ಹಾಡುತ್ತೇನೆಂದು ಎದ್ದು ನಿಂತೆ. ಜೀವಮಾನದಲ್ಲಿ ಮೊದಲ ಸಲ ನನ್ನೆದುರು ಅಷ್ಟು ಕಿವಿಗಳು. ಬಾಯಿ ತೆರೆದೆ. ಗಂಟಲಿನಿಂದ ತುಕ್ಕು ಹಿಡಿದ ರಾಟಿಯ ಸದ್ದು ಬಂತು. ಇನ್ನೊಮ್ಮೆ ತೆರೆದೆ, ಅದೂ ಬರಲಿಲ್ಲ. ಆಗ ಅಂಗಡಿಯ ಹಿಂದಿನ ಪಡಸಾಲೆಯಿಂದ ಕಾಶವ್ವ ಎದ್ದು ಬಂದಳು. ಮಧ್ಯಾಹ್ನದ ಬಸ್ಸಿಗೇ ಬಂದು ಅಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಳಂತೆ. ಜನ ಕೂಡುವ ಮುನ್ನ ಹೊರಗೆ ಬರುವುದು ಹಾಡಿಕೆಯವರ ರೂಢಿಯಲ್ಲ. ಸೆರಗು ಸಿಕ್ಕಿಸಿ, ದಪ್ಪು ಎತ್ತಿ, ನನ್ನನ್ನೇ ನೋಡುತ್ತ ಸವಾಲು ಹಾಕಿದಳು:

ನಳ ಐತಿ ನೀರಿಲ್ಲ, ಬಸ್ಸೈತಿ ಜಾಗಿಲ್ಲ,
ಕಿವಿ ಐತಿ ಊರಿಗೆಲ್ಲ, ಮಾಸ್ತರಗ ದನಿ ಇಲ್ಲ!

ತಿಕೋಟಾ ಬಿದ್ದು ಬಿದ್ದು ನಕ್ಕಿತು. ನಾನು ನಿಯಮ ಮೀರುವವನಲ್ಲ, ದಪ್ಪನ್ನು ನೆಲಕ್ಕಿಟ್ಟೆ.

ಮುಂದೆ ಆ ಪದ ಹಬ್ಬಿದ ಪರಿ ನೋಡಬೇಕು. ರೇಡಿಯೋ ಇಲ್ಲ, ಪ್ಲೇಟಿಲ್ಲ, ಮೈಕಿಲ್ಲ. ಸಂತೆಗೆ ಬಂದವರ ಬಾಯಲ್ಲಿ ಅದು ಬಸ್ಸು ಹತ್ತಿತು, ವಿಜಾಪುರದಲ್ಲಿ ಇಳಿಯಿತು, ನಮ್ಮ ಓಣಿಯ ನಳದ ಸರದಿಯಲ್ಲಿ ಕೊಡ ಹಿಡಿದು ನಿಂತಿತು. ಒಂದು ದಿನ ನೀಲವ್ವ ರೊಟ್ಟಿ ಬಡಿಯುತ್ತ ತಾಳಕ್ಕೆ ಸರಿಯಾಗಿ ಅದನ್ನೇ ಗುನುಗುತ್ತಿದ್ದಳು. ಯಾರ ಪದ ಅದು ಎಂದೆ.

"ನಿಡೋಣಿ ಕಾಶವ್ವಂದ್ರಿ. ಎಷ್ಟ್ ಚೊಲೋ ಕಟ್ಯಾಳ ನೋಡ್ರಿ."

"ಮೊದಲನೇ ಸಾಲು ನಂದು."

"ಹೌದೇನ್ರಿ?" ಎಂದು ರೊಟ್ಟಿ ತಿರುವಿ ಹಾಕಿದಳು. "ಅದ ನೋಡ್ರಿ, ಅದೊಂದ ಸಾಲು ಸ್ವಲ್ಪ ಸಪ್ಪಗೈತಿ."

ಆದರೂ ನಾನು ಸೋಲೊಪ್ಪಲಿಲ್ಲ. ಜ್ಯೇಷ್ಠಮಧು ಅಗಿದು, ಬಿಸಿನೀರು ಕುಡಿದು ದನಿಯನ್ನು ಮರಳಿ ಕರೆತಂದೆ. ಕಾಶವ್ವನಿಗೆ ಜವಾಬನ್ನೂ ಕಟ್ಟಿದೆ. ಸಂಗಪ್ಪ ಖುಷಿಯಿಂದ ಮತ್ತೆ ಹಾಡಿಕೆ ಇಡಿಸಿದ. ಅದೇ ಜಾಗ, ಸಂತೆಯ ದಿನ, ಐದಕ್ಕೆ. ಈ ಸಲ ಮೋಸಹೋಗುವವನು ನಾನಲ್ಲ. ಕೈಗಡಿಯಾರವನ್ನು ಬಿಚ್ಚಿ ಕಿಸೆಯಲ್ಲಿಟ್ಟು, ಮನಸ್ಸನ್ನು ಕಲ್ಲು ಮಾಡಿಕೊಂಡು, ಮನೆಯಲ್ಲೇ ರೊಟ್ಟಿ ತಿಂದು, ಅಭ್ಯಾಸವಿಲ್ಲದ ಎಲೆ ಅಡಿಕೆಯನ್ನೂ ಹಾಕಿಕೊಂಡು, ದೀಪ ಹಚ್ಚುವ ಹೊತ್ತಿಗೆ ತಿಕೋಟಾದಲ್ಲಿ ಇಳಿದೆ.

ಕಟ್ಟೆಯ ಮೇಲೆ ಚಾಪೆಯಿತ್ತು. ಆಡು ಇತ್ತು. ಸಂಗಪ್ಪ ಗ್ಯಾಸಬತ್ತಿ ಆರಿಸುತ್ತಿದ್ದ.

"ಈಗ ಬಂದ್ರೇನ್ರಿ ಮಾಸ್ತರ? ನೀವು ಗಡಿಯಾರದ ಮನುಷ್ಯಾರು, ನಿಮ್ಮ ಮುಂದ ನಗಿಗೀಡ ಆಗಬಾರದಂತ ಊರೆಲ್ಲ ಎಮ್ಮಿ ಹಿಂಡೂದ ಬಿಟ್ಟು ಐದಕ್ಕ ಬಂದು ಕುಂತಿತ್ರಿ! ಕಾದು ಕಾದು ಎದ್ದು ಹೋದ್ರು. ಎದುರಾಳಿ ಬರಲಿಲ್ಲಂತ ಕಾಶವ್ವನೂ ಮಂಗಳ ಹಾಡಿ ಹೋದಳು."

ಬಸ್ ನಿಲ್ದಾಣದ ಕಡೆ ನಡೆದೆ. ದನಿಯೇನೋ ಅಂದು ಗಂಟಲ ತುಂಬ ಇತ್ತು. ಒಂದು ಮನೆಯ ಒಳಗಿನಿಂದ ಯಾರೋ ಮುದುಕಿ 'ಮಾಸ್ತರಗ ದನಿ ಇಲ್ಲ' ಎಂದು ಕೂಸಿಗೆ ಹಾಡಿ ತಟ್ಟುತ್ತಿದ್ದಳು. ತಡೆಯಲಾಗಲಿಲ್ಲ. ಬೀದಿಯಲ್ಲೇ ನಿಂತು, ಕಟ್ಟಿ ತಂದ ಜವಾಬನ್ನು ದಪ್ಪು ಬಡಿದು ಹಾಡಿಬಿಟ್ಟೆ:

ದನಿ ಹೋದದ್ದು ಬರತೈತಿ, ಮಳಿ ಹೋಗಿ ಬಂದ್ಹಾಂಗ,
ಹೊತ್ತ ಮೀರಿ ಬಂದವಗ ಹಾಡ ಸಿಗೂದು ಹ್ಯಾಂಗ?

ಒಳಗೆ ಹಾಡು ನಿಂತಿತು. ಬಾಗಿಲು ಅರ್ಧ ತೆರೆಯಿತು. "ಅದನ್ನ ನಿನಗ ನೀನ ಹೇಳ್ಕೋ ಯಪ್ಪಾ! ನಾವು ಐದಕ್ಕ ಬಂದು ಹೋಗೀವಿ." ಬಾಗಿಲು ಮುಚ್ಚಿತು.

ಅಂತೂ ಒಬ್ಬಳು ನನ್ನ ಪದವನ್ನು ಮೊದಲಿಂದ ಕೊನೆಯವರೆಗೆ ಕೇಳಿದಳು, ಕೇಳಿ ಜವಾಬನ್ನೂ ಕೊಟ್ಟಳು. ಮರುಜವಾಬಿಗೆ ಪ್ರಾಸ ಹುಡುಕುತ್ತ ನಿಲ್ದಾಣ ಮುಟ್ಟಿದೆ, ಒಂದೂ ಕೂಡಲಿಲ್ಲ. ನಿಯಮ ನಿಯಮವೇ. ವಿಜಾಪುರದ ಬಸ್ಸು ಬಂತು, ಒಳಗೆ ಎಲ್ಲಿ ನೋಡಿದರೂ ಖಾಲಿ ಜಾಗ. ಕುಳಿತುಕೊಂಡು ದಪ್ಪನ್ನು ಕೆಳಗಿಟ್ಟೆ.