ಹಿಂದಕ್ಕೆ ಓಡುವ ಗಡಿಯಾರಕ್ಕೆ ಬನಹಟ್ಟಿಯಿಂದ ಒಂದು ದೂರು

ಗೆ,
ಶ್ರೀಮಾನ್ ಕೆಂಪು ಅಂಕಿಯ ಗಡಿಯಾರದವರು,
ವೇದಿಕೆಯ ಎದುರು, ನೆಲದ ಮೇಲೆ,
ಕಾಲೇಜಿನ ಸಭಾಭವನ, ಜಮಖಂಡಿ.

ಮಾನ್ಯರೇ,

ಬನಹಟ್ಟಿಯ ನೇಕಾರರ ಓಣಿಯಲ್ಲಿ ವಾಸವಾಗಿರುವ, ನಾಲ್ಕು ವಿದ್ಯುತ್ ಮಗ್ಗಗಳ ಯಜಮಾನನೂ ಗುರುಬಾಯಿಯ ಪತಿಯೂ ಕಾಂಚನಾಳ ತಂದೆಯೂ ಆದ ರಾಚಪ್ಪನೆಂಬ ನಾನು, ತಮ್ಮ ಪಾದಗಳಿಗೆ, ತಮಗೆ ಪಾದಗಳಿಲ್ಲವಾದ್ದರಿಂದ ತಮ್ಮ ಮೂರು ಕಾಲಿನ ಪ್ಲಗ್ಗಿಗೆ, ನಮಸ್ಕರಿಸಿ ಬರೆದುಕೊಳ್ಳುವ ವಿಜ್ಞಾಪನೆ ಏನೆಂದರೆ, ತಾವು ಇಲ್ಲಿಯವರೆಗೆ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ, ಮತ್ತು ಈ ಪತ್ರ ಓದಿದ ಮೇಲೂ ಹಾಗೆಯೇ ಇರಲಿ ಎಂದು ಹಾರೈಸುತ್ತೇನೆ.

ದೂರು ಬರೆಯುವುದು ನನಗೆ ಹೊಸದಲ್ಲ. ಕರೆಂಟಿನವರಿಗೆ, ನೀರಿನವರಿಗೆ, ಬಸ್ಸಿನವರಿಗೆ ಬರೆದು ಬರೆದು ನನ್ನ ಅಕ್ಷರ ದುಂಡಗಾಗಿದೆ. ಅವರು ಯಾರೂ ಉತ್ತರಿಸಿಲ್ಲವಾದ್ದರಿಂದ, ತಾವೂ ಉತ್ತರಿಸದಿದ್ದರೆ ಸಂಕೋಚಪಡಬೇಕಾಗಿಲ್ಲ. ತಮಗಾದರೂ ಕೈಯಿಲ್ಲ ಎಂಬ ಕಾರಣವಿದೆ.

ಕಳೆದ ತಿಂಗಳು ತಮ್ಮ ಸನ್ನಿಧಿಯಲ್ಲಿ ‘ಬದಲಾವಣೆಗೆ ಹನ್ನೆರಡು ನಿಮಿಷ’ ಎಂಬ ಭಾಷಣ ಕಾರ್ಯಕ್ರಮ ನಡೆದದ್ದು ತಮಗೆ ನೆನಪಿರಬಹುದು. ಒಬ್ಬೊಬ್ಬರು ಹನ್ನೆರಡು ನಿಮಿಷ ಮಾತನಾಡಿ ತಮ್ಮ ವಿಚಾರ ಹಂಚಿದರೆ ಊರು ಬದಲಾಗುತ್ತದೆ ಎಂಬುದು ಅದರ ತಿರುಳು. ಅದರ ಹೊಣೆ ಹೊತ್ತುಕೊಂಡಿದ್ದ ಪದವಿ ಕೊನೆಯ ವರ್ಷದ ವಿದ್ಯಾರ್ಥಿ ಪ್ರಥಮೇಶ ನಮ್ಮ ಮನೆಗೇ ಬಂದು, ಮಹಿಳಾ ಸಂಘದ ಸಭೆಯಲ್ಲಿ ಗುರುಬಾಯಿ ಆಡಿದ ಮಾತು ತನಗೆ ಬಹಳ ಹಿಡಿಸಿತೆಂದು ಹೇಳಿ, ಅವಳನ್ನು ಭಾಷಣಕ್ಕೆ ಕರೆದ. ಮಗ್ಗಗಳ ಸದ್ದಿನಲ್ಲಿ ನನ್ನ ಕಿವಿಯ ಬಳಿ ಬಾಯಿ ತಂದು ತಮ್ಮ ಗುಣಗಾನವನ್ನೂ ಮಾಡಿದ: “ಕಾಕಾ, ವೇದಿಕಿ ಮುಂದ ಗಡಿಯಾರ ಇಟ್ಟಿರ್ತೀವಿ, ಟೈಮ್ ಮುಗೀತಂದ್ರ ಮೈಕ್ ತಾನ ಬಂದ್ ಆಗ್ತದರಿ. ಯಾರ ಮುಲಾಜೂ ಇಲ್ಲ.”

ಮುಚ್ಚಿಡದೆ ಹೇಳುತ್ತೇನೆ, ನನಗೆ ಆನಂದವಾಯಿತು. ಏಕೆಂದರೆ ಗುರುಬಾಯಿ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಮೂರು ವರ್ಷಗಳಿಂದ ಅವಳು ಅದನ್ನೇ ಹೇಳುತ್ತಿದ್ದಾಳೆ: ಸಂಜೆ ಏಳರಿಂದ ಎಂಟರವರೆಗೆ ಒಂದು ತಾಸು ಓಣಿಯ ಮಗ್ಗಗಳನ್ನೆಲ್ಲ ನಿಲ್ಲಿಸಬೇಕು. ಮಗಳು ಕಾಂಚನಾ ಈಗ ಪಿಯುಸಿ ಎರಡನೇ ವರ್ಷ. ನಮ್ಮಲ್ಲಿ ಮನೆಯ ಮುಂದಿನ ಭಾಗ ಮಗ್ಗಕ್ಕೆ, ಹಿಂದಿನ ಭಾಗ ಮನುಷ್ಯರಿಗೆ. ಅವಳು ದುಪಟ್ಟಾವನ್ನು ಹಲ್ಲುನೋವಿನವರಂತೆ ಕಿವಿ ಮುಚ್ಚಿ ತಲೆಗೆ ಬಿಗಿದು ಕಟ್ಟಿಕೊಂಡು ಓದುತ್ತಾಳೆ. ನಾನು ಪ್ರತಿ ಸಲವೂ, ಓಣಿಯವರೆಲ್ಲ ಒಪ್ಪಿದರೆ ನಾನೂ ಒಪ್ಪುತ್ತೇನೆ ಎಂದು ಉದಾರವಾಗಿ ಹೇಳುತ್ತಿದ್ದೆ. ಓಣಿಯವರು ಒಪ್ಪುವುದಿಲ್ಲ ಎಂದು ಗೊತ್ತಿದ್ದವನು ಎಷ್ಟು ಬೇಕಾದರೂ ಉದಾರನಾಗಬಹುದಲ್ಲವೇ? ಮನೆಯಲ್ಲಿ ಮೂರು ವರ್ಷಗಳಿಂದ ಮುಗಿಯದ ಮಾತನ್ನು ಹನ್ನೆರಡು ನಿಮಿಷದಲ್ಲಿ ಮುಗಿಸುವ ಯಂತ್ರವೊಂದು ಜಮಖಂಡಿಯಲ್ಲೇ ಇದೆಯೆಂದರೆ, ಅದರ ದರ್ಶನಕ್ಕೆ ನಾನು ಹೋಗದಿರಲು ಹೇಗೆ ಸಾಧ್ಯ?

ಆ ದಿನ ಗುರುಬಾಯಿಯನ್ನು ಬಿಟ್ಟು ನಾವು ಓಣಿಯವರು ನಲವತ್ತು ಜನ ಎರಡು ಟೆಂಪೋ ಮಾಡಿಕೊಂಡು ಬಂದೆವು. ಮುಂದಿನ ಸೋಫಾಗಳು ಗಣ್ಯರಿಗೆ ಮೀಸಲಾಗಿದ್ದರಿಂದ ನಮ್ಮನ್ನು ಗೌರವದಿಂದ ಹಿಂದಿನ ಗೋಡೆಗೆ ಹತ್ತಿರ ಕೂಡಿಸಲಾಯಿತು. ಮುಧೋಳದ ತರುಣನೊಬ್ಬ ಕಬ್ಬಿನ ಮೇಲೆ ಹಾರುವ ಡ್ರೋನಿನ ಬಗ್ಗೆ, ಬೀಳಗಿಯ ಮಾಸ್ತರರೊಬ್ಬರು ಹಿನ್ನೀರಿನ ಹಕ್ಕಿಗಳ ಬಗ್ಗೆ ಮಾತನಾಡಿದರು. ಮಾಸ್ತರರು ಇನ್ನೂ ಹಕ್ಕಿಯನ್ನು ಹಾರಿಸುತ್ತಿರುವಾಗಲೇ ತಾವು ಮೈಕ್ ನಿಲ್ಲಿಸಿದಿರಿ, ಹಕ್ಕಿ ಅಲ್ಲಿಯೇ ಉಳಿಯಿತು. ತಮ್ಮ ನಿಷ್ಠೆಯನ್ನು ಕಂಡು ನನ್ನ ಎದೆ ತುಂಬಿ ಬಂತು.

ಆಮೇಲೆ ಗುರುಬಾಯಿಯ ಹೆಸರು ಕೂಗಿದರು, ತಾವು ಹನ್ನೆರಡರಿಂದ ಇಳಿಯತೊಡಗಿದಿರಿ. ಇಂಥ ಕಾರ್ಯಕ್ರಮಗಳಲ್ಲಿ ಸತ್ಕಾರ ಇರಕೂಡದೆಂದು ಎಲ್ಲಿಯದೋ ನಿಯಮವಂತೆ. ಆದರೆ ನಮ್ಮ ಭಾಗದಲ್ಲಿ ಶಾಲು ಹೊದಿಸದೆ ಒಬ್ಬ ಹೆಣ್ಣುಮಗಳ ಬಾಯಿ ಬಿಡಿಸಿದರೆ ಅದು ಅವಮಾನವೆಂದು ಆಡಳಿತ ಮಂಡಳಿಯ ಹಿರಿಯರು ಪಟ್ಟುಹಿಡಿದರಂತೆ. ಎರಡೂ ಕಡೆಯವರ ಮನಸ್ಸು ನೋಯಬಾರದೆಂದು ಪ್ರಥಮೇಶ ಸತ್ಕಾರವನ್ನು ಹನ್ನೆರಡು ನಿಮಿಷದ ಒಳಗೇ ಸೇರಿಸಿದ್ದ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಫೋಟೋದಲ್ಲಿ ಅಧ್ಯಕ್ಷರ ಕಣ್ಣು ಮುಚ್ಚಿದ್ದರಿಂದ ಇನ್ನೊಂದು ಫೋಟೋ. ನಂತರ ಗುರುಬಾಯಿ, ಸಂಭಾವಿತರ ಮನೆಯ ಹೆಣ್ಣುಮಗಳಾದ್ದರಿಂದ, ಅಧ್ಯಕ್ಷರಿಂದ ಹಿಡಿದು ಒಳಗೆ ಉಪ್ಪಿಟ್ಟು ಮಾಡುತ್ತಿದ್ದವರವರೆಗೆ ಎಲ್ಲರಿಗೂ ಹೆಸರು ಹಿಡಿದು ಶರಣು ಹೇಳಿದಳು. “ನಮ್ಮ ಓಣ್ಯಾಗ ಮಗ್ಗದ ಸಪ್ಪಳ ಭಾಳ ಐತ್ರಿ” ಎಂದು ಅವಳು ವಿಷಯಕ್ಕೆ ಬಂದಾಗ ತಮ್ಮಲ್ಲಿ ಐವತ್ತು ಸೆಕೆಂಡು ಉಳಿದಿತ್ತು. ನಾನು ಕುರ್ಚಿಗೆ ಆರಾಮಾಗಿ ಒರಗಿದೆ. ತಾವು ಸೊನ್ನೆಗೆ ಬಂದಿರಿ, ಮೈಕ್ ನಿಂತಿತು. ಎಂಟು ಕೂಲರುಗಳು ಭೋರೆನ್ನುವ ಆ ಸಭಾಭವನದಲ್ಲಿ ಅವಳು ಎಷ್ಟು ಕೂಗಿದರೂ ಮೂರನೆಯ ಸಾಲಿಗೂ ಮುಟ್ಟುವಂತಿರಲಿಲ್ಲ.

ಇಲ್ಲಿಂದ ನನ್ನ ದೂರು ಆರಂಭವಾಗುತ್ತದೆ. ತಾವು ಮೈಕನ್ನು ನಿಲ್ಲಿಸಿದಿರಿ, ಆದರೆ ಕ್ಯಾಮೆರಾವನ್ನು ನಿಲ್ಲಿಸಲಿಲ್ಲ. ಅವಳ ಬೆನ್ನ ಹಿಂದಿನ ಪರದೆಯ ಮೇಲೆ ಅವಳ ಮುಖ ನಮ್ಮ ಮನೆಯ ಬಾಗಿಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ತಾವು ಮಗ್ಗದ ಮನೆಯಲ್ಲಿ ಬಾಳಿದವರಲ್ಲವಾದ್ದರಿಂದ ತಮಗೆ ತಿಳಿಯದಿರಬಹುದು: ನಾಲ್ಕು ಮಗ್ಗ ಒಟ್ಟಿಗೆ ಬಡಿಯುವಲ್ಲಿ ಯಾರೂ ಕೂಗಿ ಮಾತನಾಡುವುದಿಲ್ಲ. ಎಳೆ ಕಡಿದದ್ದು, ಚಹಾ ಆದದ್ದು, ಬೀಗರು ಬಂದದ್ದು, ಎಲ್ಲವೂ ತುಟಿಯಲ್ಲೇ ನಡೆಯುತ್ತದೆ. ಹೇಳುವವರು ತುಟಿಯನ್ನು ಅಗಲಿಸಿ ಹೇಳುತ್ತಾರೆ, ಕೇಳುವವರು ನೋಡುತ್ತಾರೆ. ಗುರುಬಾಯಿ ತಮ್ಮ ಸೊನ್ನೆಗಳನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ದನಿ ಬಿಟ್ಟು ಬರಿಯ ತುಟಿಯಲ್ಲಿ ಶುರುಮಾಡಿದಳು. ಹಿಂದಿನ ನಲವತ್ತು ಜನ ಕುರ್ಚಿಯಲ್ಲಿ ನೆಟ್ಟಗಾದರು. ಅವಳು ಆಡಿದ ಒಂದೊಂದು ಮಾತೂ ನಮಗೆ ತಿಳಿಯಿತು:

“ಸಂಜಿ ಒಂದು ತಾಸು ಮಗ್ಗ ನಿಂದ್ರಸೂಣು. ಹುಡುಗೂರು ಓದ್ಲಿ. ನಮ್ಮ ಕಿವಿ ಹೋದುವು, ಅವರ ಕಿವೀನರ ಉಳೀಲಿ. ನಾಳಿಂದನ ನಮ್ಮ ಮನಿಯವರು ಎಲ್ಲಾರಕಿಂತ ಮೊದಲು ನಿಂದ್ರಸ್ತಾರ.”

ನಾನು ಹಾಗೆ ಎಂದೂ ಹೇಳಿರಲಿಲ್ಲ. ಆದರೆ ಎದುರು ಮನೆಯ ತಾರವ್ವ, ಎಂಟು ಮಗ್ಗಗಳ ಒಡತಿ, ಸಾಮಾನ್ಯವಾಗಿ ಯಾವುದಕ್ಕೂ ಹೂಂ ಎನ್ನದವಳು, ಕೈ ಎತ್ತಿದಳು. ಅವಳನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಕೊನೆಗೆ ಮೂವತ್ತೊಂಬತ್ತು ಕೈಗಳು ಮೇಲಿದ್ದವು, ಅಷ್ಟೂ ಮುಖಗಳು ನನ್ನ ಕಡೆಗೆ ತಿರುಗಿದ್ದವು, ಪರದೆಯ ಮೇಲಿನ ಆ ದೊಡ್ಡ ಮುಖವೂ ನನ್ನನ್ನೇ ನೋಡುತ್ತಿತ್ತು. ನನ್ನ ಕೈ ಮೇಲೆ ಹೋಯಿತು. ಮುಂದಿನ ಸೋಫಾಗಳವರು ಇದೊಂದೂ ತಿಳಿಯದೆ ಜೋರಾಗಿ ಚಪ್ಪಾಳೆ ತಟ್ಟಿದರು, ಮತ್ತು ಅಧ್ಯಕ್ಷರು ಸಮಾರೋಪದಲ್ಲಿ ಬನಹಟ್ಟಿಯ ಸಹೋದರಿಯ ಮೂಕಾಭಿನಯವನ್ನು ಮನಸಾರೆ ಹೊಗಳಿದರು.

ತಾವು ಇನ್ನೆರಡು ನಿಮಿಷ ಮೈಕ್ ಬಿಟ್ಟಿದ್ದರೆ ಅವಳು ಎಲ್ಲರಂತೆ ಮಾತನಾಡಿ, ನಾವು ಎಲ್ಲರಂತೆ ಕೇಳಿ, ಉಪ್ಪಿಟ್ಟು ತಿಂದು, ಯಾರೂ ಬದಲಾಗದೆ ಊರು ಸೇರುತ್ತಿದ್ದೆವು. ತಮ್ಮ ಅತಿಯಾದ ಶಿಸ್ತಿನಿಂದ ಈ ಅನಾಹುತವಾಗಿದೆ.

ಈಗ ಪ್ರತಿ ಸಂಜೆ ಏಳಕ್ಕೆ ನಮ್ಮ ಓಣಿ ನಿಲ್ಲುತ್ತದೆ. ಮೊದಲ ಸಂಜೆ ನಾನೇ ಸ್ವಿಚ್ ಒತ್ತಿ, ಕೈಕಟ್ಟಿ ಕುಳಿತೆ. ಕಾಂಚನಾ ದುಪಟ್ಟಾ ಬಿಚ್ಚಿ ಗೂಟಕ್ಕೆ ಹಾಕಿ, ಗೋಡೆಗೆ ಒರಗಿ, ಬಾಯಿ ಬಿಟ್ಟು ಓದಲು ಕುಳಿತಳು. ಅವಳ ತುಟಿ ಆಡುತ್ತಿತ್ತು. ನನಗೆ ಅವಳ ದನಿ ಕೇಳಿಸಲಿಲ್ಲ. ನಾಲ್ಕು ಮಾರು ದೂರದಲ್ಲಿದ್ದಾಳೆ, ಮಗ್ಗ ನಿಂತಿದೆ, ನನ್ನ ಕಿವಿಯಲ್ಲಿ ಮಾತ್ರ ಗುಂಯ್ ಎನ್ನುವುದು ನಿಲ್ಲಲಿಲ್ಲ. ಇಷ್ಟು ವರ್ಷ ನಾನು, ಮಗ್ಗದ ಸದ್ದಿಗೆ ಕೇಳುವುದಿಲ್ಲ, ಸದ್ದು ನಿಂತರೆ ಎಲ್ಲ ಕೇಳುತ್ತದೆ ಎಂದುಕೊಂಡಿದ್ದೆ. ಗುರುಬಾಯಿಯ ಕಡೆ ನೋಡಿದೆ. ಅವಳೂ ಮಗಳ ತುಟಿಯನ್ನೇ ನೋಡುತ್ತಿದ್ದಳು. ನನಗೆ ಬಹಳ ದುಃಖವಾಯಿತು, ಮಾನ್ಯರೇ. ದೂರಿನ ಪತ್ರದಲ್ಲಿ ಇದನ್ನು ಬರೆಯಬಾರದು, ಆದರೂ ಬರೆದಿದ್ದೇನೆ.

ಆದಕಾರಣ ತಮ್ಮಲ್ಲಿ ಒಂದೇ ಒಂದು ಬೇಡಿಕೆ. ಲೋಕದ ಗಡಿಯಾರಗಳೆಲ್ಲ ಮುಂದಕ್ಕೆ ಹೋಗುತ್ತವೆ, ಹಿಂದಕ್ಕೆ ಓಡುವವರು ತಾವೊಬ್ಬರೇ. ತಾವು ಬಿಡುವು ಮಾಡಿಕೊಂಡು ನಮ್ಮ ಮನೆಗೆ ಬಂದು, ಹನ್ನೆರಡು ನಿಮಿಷವಲ್ಲ, ಹದಿನಾರು ವರ್ಷ ಹಿಂದಕ್ಕೆ ಓಡಬೇಕು. ಆಗ ಕಾಂಚನಾ ತೊದಲುತ್ತಿದ್ದಳು. ಅವಳು ಮೊದಲ ಸಲ ಅಪ್ಪಾ ಎಂದಾಗ ನಾನು ಮಗ್ಗದ ಮುಂದಿದ್ದೆ; ಗುರುಬಾಯಿ ಬಾಗಿಲಲ್ಲಿ ನಿಂತು ಆ ಸುದ್ದಿಯನ್ನು ನನಗೆ ತುಟಿಯಲ್ಲಿ ಹೇಳಿದಳು, ನಾನು ತಲೆಯಾಡಿಸಿ ಮತ್ತೆ ಮಗ್ಗದಲ್ಲಿ ಓಡುವ ಲಾಳಿಯತ್ತ ನೋಡಿದೆ. ತಾವು ಅಲ್ಲಿಗೆ ಮುಟ್ಟಿದರೆ ಸಾಕು. ಮಗ್ಗವನ್ನು ನಾನೇ ನಿಲ್ಲಿಸಿಕೊಳ್ಳುತ್ತೇನೆ.

ಅದು ತಮ್ಮ ಕೈಲಾಗದಿದ್ದರೆ ಚಿಂತೆಯಿಲ್ಲ. ಕಾಂಚನಾ ಈಗ ನನ್ನ ಎದುರಿಗೆ ಬಂದು ಕುಳಿತು, ತುಟಿಯನ್ನು ಅಗಲಿಸಿ ಓದುತ್ತಾಳೆ. ಭೌತಶಾಸ್ತ್ರ ನನಗೆ ತಿಳಿಯುವುದಿಲ್ಲ, ಆದರೆ ಒಂದಕ್ಷರವನ್ನೂ ಬಿಡುವುದಿಲ್ಲ.

ಏಳರಿಂದ ಎಂಟರವರೆಗೆ ಬಿಡುವಾಗಿರುವ,
ತಮ್ಮ ವಿಶ್ವಾಸಿ,
ರಾಚಪ್ಪ
ನೇಕಾರರ ಓಣಿ, ಬನಹಟ್ಟಿ

ತಾ.ಕ.: ಕಾಲೇಜಿನವರು ಬರುವ ತಿಂಗಳು ನಮ್ಮ ಓಣಿಯಲ್ಲಿ ಕಿವಿ ತಪಾಸಣೆ ಇಟ್ಟುಕೊಳ್ಳುವರೆಂದು ಪ್ರಥಮೇಶ ತಿಳಿಸಿದ್ದಾನೆ, ಸಂತೋಷ. ಆದರೆ ದಯಮಾಡಿ ಮೊದಲು ಮುಂದಿನ ಸೋಫಾಗಳವರನ್ನು ಪರೀಕ್ಷಿಸಬೇಕೆಂದು ತಾವಾದರೂ ಅವನಿಗೆ ಹೇಳಿರಿ. ನಮ್ಮ ಕಿವಿ ಏಕೆ ಹೋಯಿತೆಂದು ನಮಗೆ ಗೊತ್ತು. ಮೈಕ್ ಚಾಲೂ ಇದ್ದಾಗಲೂ ಅವರಿಗೆ ಏನೂ ಕೇಳಿಸಿದಂತೆ ಕಾಣಲಿಲ್ಲ, ಅವರ ಮನೆಗಳಲ್ಲಿ ಒಂದು ಮಗ್ಗವೂ ಇಲ್ಲ.