ಬ್ಯಾಟರಿ ಎತ್ತಿದ ಮೊದಲ ಚೀಟಿ

ನಮ್ಮ ಭಾವ ತಿಪ್ಪೇರುದ್ರಪ್ಪನವರು ಬೀದಿಗೆಲ್ಲ ಪೇಡ ಹಂಚಿ, ಬೀರುವಿನಷ್ಟು ಎತ್ತರದ ಬ್ಯಾಟರಿಯ ಮೇಲಿನ ಬಟ್ಟೆ ಸರಿಸಿದರು. ನಮ್ಮ ಚಳ್ಳಕೆರೆಯಲ್ಲಿ ಬಿಸಿಲಿಗೇನು ಬರವೇ? ಬೀದಿಯವರೆಲ್ಲ ಪಾಲು ಹಾಕಿ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದ್ದೆವು. ಹಗಲಿನ ಕರೆಂಟನ್ನು ಈ ಬ್ಯಾಟರಿ ಕೂಡಿಟ್ಟು, ಸಂಜೆ ಕರೆಂಟು ಹೋದಾಗ ಹಂಚಬೇಕು. ನೋಡಲು ಬಡ ದೇಶಗಳ ಸೋಲಾರಿಗೆ ಬಂಡವಾಳ ಹೂಡುವ ಕಂಪನಿಯ ಸಾಹೇಬರೊಬ್ಬರೂ ಬಂದಿದ್ದರು.

ಜಗಳ ಬಾರದಿರಲೆಂದು ಭಾವ ಬ್ಯಾಟರಿಗೆ ಬುದ್ಧಿಯನ್ನೂ ಬಾಯನ್ನೂ ಕೊಟ್ಟಿದ್ದರು. "ನಮ್ಮ ಜನಕ್ಕೆ ಗೊತ್ತಿರೋ ಚೀಟಿ ವ್ಯವಹಾರಾನೇ ಕಲಿಸಿದೀನಿ ಕಣಮ್ಮ," ಎಂದರು. ದಿನವೂ ಹರಾಜು. ಅವಸರವಿದ್ದವರು ಅದರಲ್ಲಿ ಹೆಚ್ಚು ಪಾಲು ಬಿಟ್ಟುಕೊಟ್ಟು ಆ ದಿನದ ಕರೆಂಟು ಎತ್ತಬೇಕು, ಬಿಟ್ಟ ಪಾಲು ಉಳಿದವರಿಗೆ.

ಅವಸರವಿದ್ದದ್ದು ನನಗೆ. ಮರುದಿನ ಮದುವೆ ಮನೆಗೆ ಇಡ್ಲಿ ಹಿಟ್ಟು ಕೊಡಬೇಕಿತ್ತು. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲ. ಅಕ್ಕಿ, ಉದ್ದು ನೆನೆದು ಗ್ರೈಂಡರಿಗಾಗಿ ಕಾದಿದ್ದವು.

ಸಂಜೆ ಕರೆಂಟು ಹೋಯಿತು. ಬ್ಯಾಟರಿ ಗಂಟಲು ಸರಿಮಾಡಿಕೊಂಡಿತು.

"ಮೊದಲ ಚೀಟಿ ನಡೆಸೋರಿಗೆ. ಇಲ್ಲಿ ನಡೆಸ್ತಿರೋದು ನಾನು!"

ಒಂದು ದಿನದ ಬಿಸಿಲನ್ನೆಲ್ಲ ತಾನೇ ನುಂಗಿ ಕೂತಿತು. ತಕರಾರು ತೆಗೆಯುವಂತೆಯೂ ಇರಲಿಲ್ಲ. ಭಾವ ನಡೆಸುವ ಚೀಟಿಯಲ್ಲೂ ಮೊದಲನೆಯದು ಅವರದೇ.

ಭಾವ ಬೈದರು, ಬೇಡಿದರು. ಕೊನೆಗೆ ಬ್ಯಾಟರಿ ಕನಿಕರಿಸಿ, ನಾಳೆಯ ಬಿಸಿಲಿನ ಮೇಲೆ ಸಾಲ ಕೊಡುತ್ತೇನೆ, ಎರಡನೇ ಚೀಟಿ ಈಗಲೇ ಕೂಗಿ ಎಂದಿತು. ನಾನು ಅರ್ಧ ಬಿಟ್ಟೆ. ಎದುರು ಮನೆ ಓಬಳಮ್ಮ ಧಾರಾವಾಹಿ ನೋಡಬೇಕೆಂದು ಮುಕ್ಕಾಲು ಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಪೂರ್ತಿ ಬಿಟ್ಟೆ, ಏನೀಗ?"

ಹರಾಜು ನಾನೇ ಗೆದ್ದೆ. ಗೆದ್ದದ್ದೇನೂ ಇರಲಿಲ್ಲ. ನಾನು ಬಿಟ್ಟ ಕರೆಂಟಿನಲ್ಲಿ ಓಬಳಮ್ಮ ಧಾರಾವಾಹಿ ನೋಡಿದಳು. ನಾನು ಅಂಗಳದ ಒರಳಿನ ಮುಂದೆ ಕೂತು ಅಳುತ್ತಲೇ ರುಬ್ಬಿದೆ.

ಭಾವನ ಮುಖ ಕಪ್ಪಿಟ್ಟಿತ್ತು. ಸಾಹೇಬರು ಮಾತ್ರ ಬ್ಯಾಟರಿಯ ಮೀಟರು ನೋಡಿ ಹಿಗ್ಗಿದರು. ಒಂದು ಟಿ.ವಿ.ಗೆ ಹೋದದ್ದು ಬಿಟ್ಟರೆ ತುಂಬಿದ್ದು ತುಂಬಿದಂತೆಯೇ ಇತ್ತು! ಇಷ್ಟು ವರ್ಷ ಅವರು ಹೂಡಿದ ಕಡೆಯಲ್ಲೆಲ್ಲ ಜನ ಕರೆಂಟನ್ನು ಬಳಸಿ ಖಾಲಿ ಮಾಡಿಬಿಡುತ್ತಿದ್ದರಂತೆ. ಇಂಥದ್ದೇ ಬ್ಯಾಟರಿ ಮೂವತ್ತು ದೇಶಗಳಿಗೆ ಬೇಕೆಂದು ಭಾವನ ಕೈಕುಲುಕಿದರು.

ಹೋಗುವಾಗ ಒರಳಿನ ಮುಂದೆ ಕೂತಿದ್ದ ನನಗೆ ನಗಲು ಹೇಳಿ ಒಂದು ಫೋಟೋ ತೆಗೆದುಕೊಂಡರು. ಹಿಟ್ಟೇನೋ ಹೊತ್ತಿಗೆ ಸರಿಯಾಗಿ ಮದುವೆ ಮನೆ ಸೇರಿತು. ಕಂಪನಿಯ ಪುಸ್ತಕವೂ ಮೊನ್ನೆ ಬಂತು: 'ಸೌರಶಕ್ತಿಯಿಂದ ಬದುಕು ಕಟ್ಟಿಕೊಂಡ ಮಹಿಳೆ.' ನನ್ನ ನಗುಮುಖ ಚೆನ್ನಾಗಿಯೇ ಬಂದಿದೆ. ಒರಳನ್ನು ಕತ್ತರಿಸಿ ತೆಗೆದಿದ್ದಾರೆ.