ಮೂರು ಊರು, ಒಂದು ಗ್ರೈಂಡರ್

ಒಕ್ಕೂಟ ಕಟ್ಟುವ ನಮ್ಮವರ ಚಟಕ್ಕೆ ಟೆಕ್ಸಸ್ಸಿನ ಬಿಸಿಲೂ ಮದ್ದಲ್ಲ. ಬ್ರಿಟನ್ನಿನವರು ಯುರೋಪಿನ ಒಕ್ಕೂಟ ಬೇಡವೆಂದು ವೋಟು ಹಾಕಿದ ವರ್ಷವೇ ಡಾಲಸ್, ಹ್ಯೂಸ್ಟನ್, ಆಸ್ಟಿನ್ನಿನ ನಾವು ಹನ್ನೆರಡು ಮನೆಯವರು ಒಂದು ಒಕ್ಕೂಟ ಮಾಡಿಕೊಂಡೆವು. ಎಲ್ಲರೂ ಸೇರಿ ಹೋಟೆಲಿನವರು ಬಳಸುವಂಥ ದೊಡ್ಡ ಗ್ರೈಂಡರ್ ಕೊಳ್ಳುವುದು, ಬೇಕಾದವರು ಬಂದು ರುಬ್ಬಿಕೊಳ್ಳುವುದು. ಕಾರ್ಯದರ್ಶಿ ನಾನು. ಹಾಗಾಗಿ ಗ್ರೈಂಡರ್ ಡಾಲಸ್ ಪಕ್ಕದ ಅಲೆನ್ ಊರಿನ ನಮ್ಮ ಗ್ಯಾರೇಜಿನಲ್ಲಿ ಕೂತಿತು, ನನ್ನ ಹೊಸ ಕಾರು ಹೊರಗೆ ನಿಂತಿತು. ಇಲ್ಲಿ ಬೀಳುವ ಆಲಿಕಲ್ಲು ನಿಂಬೆಹಣ್ಣಿನ ಗಾತ್ರದ್ದು. ಮೋಡ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ.

೧. ವಂತಿಗೆ

ಮನೆ ದೊಡ್ಡದಿದ್ದವರು ಹೆಚ್ಚು ಕೊಡಬೇಕೆಂದು ನಿಯಮ ಮಾಡಿದೆವು. ನಮ್ಮ ಬೀದಿಯ ಆಂಟಿ ಒಪ್ಪಲಿಲ್ಲ. "ಮನೆ ದೊಡ್ಡದು ಅಷ್ಟೇ, ಒಳಗೆ ಏನೂ ಇಲ್ಲ. ಬೇಕಾದ್ರೆ ಬಂದು ನೋಡ್ಕೊಂಡು ಹೋಗಿ" ಅಂದರು.

ಉಳಿದ ಹನ್ನೊಂದು ಮನೆಯವರೂ ಹೋದೆವು. ಸೋಫಾ ಇರಲಿಲ್ಲ, ನಿಜ. ನೆಲದ ಮೇಲೆ ಸಾಲಾಗಿ ಕೂರಿಸಿ ಬಿಸಿ ಹೋಳಿಗೆ ಬಡಿಸಿದರು. ನಾಚಿಕೆ ಬಿಟ್ಟು ಎರಡೆರಡು ಸಲ ಹಾಕಿಸಿಕೊಂಡೆವು. ಕೈ ತೊಳೆದು ಬಂದಾಗ ಆಂಟಿ ಕೇಳಿದರು, "ನಮ್ಮನೆ ವಂತಿಗೆ ಮುಟ್ತಲ್ಲ?"

೨. ಪ್ರಯೋಜನ

ಆಸ್ಟಿನ್ನಿನ ಗೆಳೆಯನ ಆಫೀಸು ದ ಡೊಮೇನ್ ಎಂಬ, ಅಂಗಡಿಗಳೇ ತುಂಬಿದ ಬಡಾವಣೆಯಲ್ಲಿ. ಆಗಸ್ಟಿನ ಒಂದು ಶನಿವಾರ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದು ಇಡ್ಲಿಗೆ ರುಬ್ಬಿಕೊಂಡ.

"ಅಲ್ಲೇ ಅಂಗಡೀಲಿ ಹಿಟ್ಟು ಸಿಗುತ್ತಲ್ಲೋ" ಅಂದೆ.

"ಸಿಗುತ್ತೆ. ಆದ್ರೆ ಮೆಂಬರ್ ಆಗಿ ಸೌಲಭ್ಯ ಬಿಟ್ಕೊಡೋಕಾಗುತ್ತಾ?"

ಹಿಂದಿರುಗುವ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿ ಕಾರಿಗೆ ವಾಪಸ್ ಬರುವಷ್ಟರಲ್ಲಿ ಹಿಟ್ಟು ಉಕ್ಕಿ ಹಿಂದಿನ ಸೀಟೆಲ್ಲ ಬೆಳ್ಳಗಾಗಿತ್ತಂತೆ. ನನಗೆ ಫೋನ್ ಮಾಡಿದ. ದನಿಯಲ್ಲಿ ಎಳ್ಳಷ್ಟೂ ಬೇಸರವಿಲ್ಲ. "ಎಂಥಾ ಹುದುಗು ಬಂದಿದೆ ಗೊತ್ತಾ? ಅಂಗಡಿ ಹಿಟ್ಟಿಗೆ ಈ ಯೋಗ್ಯತೆ ಇಲ್ಲ."

೩. ಟೀಕೆ

ಹ್ಯೂಸ್ಟನ್ನಿನ ಅಂಕಲ್ ಧಾರವಾಡದ ಕಡೆಯವರು. ಮರುವರ್ಷ ಸಭೆಯಲ್ಲಿ ಎದ್ದು ನಿಂತರು. "ನಾವು ರೊಟ್ಟಿ ಉಣ್ಣೋ ಮಂದಿ. ನಿಮ್ಮ ಇಡ್ಲಿಗೆ ನಾವ್ಯಾಕ ರೊಕ್ಕಾ ಕೊಡಬೇಕ್ರಿ? ಒಕ್ಕೂಟ ಮುಗಸ್ರಿ."

ವೋಟಿಗೆ ಹಾಕಿದರು. ಮೊದಲು ಕೈ ಎತ್ತಿದವನು ನಾನೇ. ಕಾರ್ಯದರ್ಶಿ ಎನ್ನುವುದೂ ಮರೆತುಹೋಗಿತ್ತು. ಕಣ್ಣ ಮುಂದೆ ಖಾಲಿ ಗ್ಯಾರೇಜು ಕಾಣುತ್ತಿತ್ತು.

೪. ಬಿಡುಗಡೆ

ಒಕ್ಕೂಟವೇನೋ ಮುಗಿಯಿತು, ಗ್ರೈಂಡರ್ ಯಾರಿಗೆ ಎಂದು ಮೂರು ತಾಸು ಜಗಳವಾಯಿತು. ಕೊನೆಗೆ ನ್ಯಾಯವಾಗಿ ಪಾಲು ಮಾಡಿದರು. ಕಲ್ಲು ಹ್ಯೂಸ್ಟನ್ನಿಗೆ, ಪಾತ್ರೆ ಆಸ್ಟಿನ್ನಿಗೆ, ಮೋಟರು ಮತ್ತು ಸ್ಟ್ಯಾಂಡು ಡಾಲಸ್ಸಿಗೆ. ಡಾಲಸ್ ಅಂದರೆ ಮತ್ತೆ ನನ್ನ ಗ್ಯಾರೇಜು.

ಯುಗಾದಿಯ ಹಿಂದಿನ ದಿನ ಆಸ್ಟಿನ್ನಿನವನು ಪಾತ್ರೆ ಹೊತ್ತು ಬಂದ. ಹಿಂದೆಯೇ ಹ್ಯೂಸ್ಟನ್ ಅಂಕಲ್ ಕಾರು. ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಕಲ್ಲು, ಹಿಂದಿನ ಸೀಟಿನಲ್ಲಿ ಅವರ ಹೆಂಡತಿ. ಒಕ್ಕೂಟ ಇದ್ದಾಗ ಮೂರು ಊರಿನವರು ಒಂದು ಹಬ್ಬಕ್ಕೂ ಒಟ್ಟಿಗೆ ಸೇರಿರಲಿಲ್ಲ. ಈಗ ಒಬ್ಬರು ತಪ್ಪಿದರೂ ಯಾರಿಗೂ ಇಡ್ಲಿಯಿಲ್ಲ. ಗ್ಯಾರೇಜಿಗೆ ಮೂವತ್ತು ಕುರ್ಚಿ ಬಂದವು, ಒಲೆ ಬಂತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಹಬ್ಬದ ಬೆಳಿಗ್ಗೆ ಅಂಕಲ್‌ಗೆ ಎಂಟನೆಯ ಇಡ್ಲಿ ಬಡಿಸುತ್ತಾ ಕೇಳಿದೆ, "ನೀವು ಒಕ್ಕೂಟ ಬಿಟ್ಟು ಹೋಗಿದ್ರಲ್ಲ ಅಂಕಲ್?"

"ಬಿಟ್ಟೇವಂತ ಬರೋದು ಬಿಡ್ಲಿಕ್ಕಾಗ್ತದೇನ್ರಿ?"

ಅಷ್ಟರಲ್ಲಿ ಹೊರಗೆ ನನ್ನ ಕಾರಿನ ಮೇಲೆ ಟಪ್ಪೆಂದು ಮೊದಲ ಆಲಿಕಲ್ಲು ಬಿತ್ತು. ಗ್ಯಾರೇಜಿನ ನಟ್ಟನಡುವೆ ಕೂತು ಚಟ್ನಿ ಕಲಸುತ್ತಿದ್ದ ಅಂಕಲ್ ಕತ್ತೆತ್ತಿ ನೋಡಿ ಮರುಗಿದರು.

"ಹೊಸಾ ಗಾಡಿ ಹೊರಗ್ಯಾಕ ನಿಲ್ಲಿಸೀರಿ? ನಿಮ್ಮನ್ಯಾಗ ಗ್ಯಾರೇಜ್ ಇಲ್ಲೇನ್ರಿ?"